ಮೇಜಿನ ಕೆಳಗಿನ ತೀರ್ಪು

ಫೆಬ್ರವರಿ 25, ಭಾನುವಾರ

ಡಾಕ್ಟರು ಹೇಳಿದ್ದಾರೆಂದು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಅರವತ್ತೇಳನೇ ವಯಸ್ಸಿನಲ್ಲಿ ದಿನಚರಿ ಬರೆಯುವಷ್ಟು ತಲೆ ಕೆಟ್ಟಿಲ್ಲ. ಮೂರು ಡಬ್ಬಿ ಕೊಟ್ಟಿದ್ದಾರೆ. ದಿನಾ ಮೂಸಬೇಕಂತೆ, ಮೂಸಿ ಏನು ಗೊತ್ತಾಯಿತೋ ಅದನ್ನು ಬರೆಯಬೇಕಂತೆ.

ಲವಂಗ: ಇಲ್ಲ. ನಿಂಬೆ: ಇಲ್ಲ. ಕಾಫಿ: ಇಲ್ಲ.

ಜನವರಿಯ ಜ್ವರ ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. "ವಾಸನೆ ವಾಪಸ್ ಬರಬಹುದು, ಬರದೇನೂ ಇರಬಹುದು" ಎಂದರು ಡಾಕ್ಟರು. ಇಷ್ಟು ಹೇಳುವುದಕ್ಕೆ ಅಷ್ಟೊಂದು ವರ್ಷ ಓದಬೇಕಿತ್ತೇ?

ಈ ವಿಷಯ ಡಾಕ್ಟರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಇಪ್ಪತ್ತೆರಡು ವರ್ಷದಿಂದ ಈ ಜಿಲ್ಲೆಯ ಮೇಪಲ್ ಉತ್ಸವಗಳಲ್ಲಿ, ಮೇಪಲ್ ಮರದ ರಸ ಕಾಸಿ ಮಾಡುವ ಪಾಕಕ್ಕೆ ಮುಖ್ಯ ತೀರ್ಪುಗಾರ್ತಿ ನಾನು. ಬಣ್ಣವನ್ನು ಕಣ್ಣಿರುವ ಯಾರು ಬೇಕಾದರೂ ನೋಡಬಹುದು. ಗಟ್ಟಿಯೋ ತೆಳುವೋ ಎಂದು ಅಳೆಯಲು ಗಾಜಿನ ಕಡ್ಡಿ ಇದೆ. ರುಚಿಗೆ ಮಾತ್ರ ಕೋರಾ ಪ್ರೌಟಿಯ, ಅಂದರೆ ನನ್ನ, ನಾಲಿಗೆಯೇ ಗತಿ. "ಹಳೇ ಕಾಲುಚೀಲ ನೆನೆಸಿದ ನೀರು" ಎಂದು ನಾನು ಒಂದು ಬಾಟಲಿಯ ಮೇಲೆ ಬರೆದದ್ದನ್ನು ಜನ ಹದಿನೈದು ವರ್ಷದಿಂದ ಹೇಳಿಕೊಂಡು ಓಡಾಡುತ್ತಿದ್ದಾರೆ. ಗಂಡ ಸತ್ತವರು, ಮೇಷ್ಟರಿಕೆ ಬಿಟ್ಟವರು, ಮೊಣಕಾಲು ಹಿಡಿದವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ನಾಲಿಗೆ ಇರುವವಳು ನಾನೊಬ್ಬಳೇ. ಅದೂ ಹೋಯಿತೆಂದರೆ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಸ್ವೆಟರ್ ಹೆಣೆಯುವುದೊಂದೇ ಬಾಕಿ.

ಇದರ ಮೇಲೆ ಒಂದು ನಾಯಿ ಬೇರೆ. ತಮ್ಮ ರೂಫಸ್‌ಗೆ ನಮ್ಮ ವರ್ಮಾಂಟಿನ ಚಳಿ ಆಗದಂತೆ, ಫ್ಲಾರಿಡಾಕ್ಕೆ ಹೊರಟ. "ಎರಡೇ ತಿಂಗಳು, ಅಕ್ಕಾ" ಎಂದು ಹೇಳಿ ಇದನ್ನು ಬಾಗಿಲಲ್ಲಿ ಬಿಟ್ಟುಹೋದ. ಗೇಣುದ್ದದ ಕಾಲು, ನೆಲ ಗುಡಿಸುವ ಕಿವಿ, ಸದಾ ಪಿಂಚಣಿ ಬಾರದವನ ಮುಖ. ಕರ್ನಲ್ ಅಂತ ಹೆಸರು. ಯಾವ ಯುದ್ಧದಲ್ಲಿ ಗೆದ್ದಿತೋ ಗೊತ್ತಿಲ್ಲ.

ಮಾರ್ಚ್ 2, ಶನಿವಾರ

ಲವಂಗ: ಇಲ್ಲ. ನಿಂಬೆ: ಇಲ್ಲ. ಕಾಫಿ: ಬಿಸಿ.

ಮರದ ರಸ ಇಳಿಯಲು ಶುರುವಾಗಿದೆ. ರಸ್ತೆಯಾಚೆ ವರ್ನಾಳ ಆಲೆಮನೆಯ ಮಾಡಿನಿಂದ ಹಬೆ ಎದ್ದಿತು. ವರ್ನಾ ಗುಡೆಲ್ ಮತ್ತು ನಾನು ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಅವಳ ಗಂಡ ಎಲ್ವಿನ್ ಹೃದಯಾಘಾತದಲ್ಲಿ ಹೋದ ಮೇಲೂ ನಾನ್ನೂರು ಮರ ಒಬ್ಬಳೇ ನೋಡಿಕೊಳ್ಳುತ್ತಾಳೆ. ಮೊದಲ ಪಾಕ ಇಳಿಸಿದ ದಿನ ಅದು ಮೊದಲು ನನ್ನ ಬಾಯಿಗೇ ಬೀಳಬೇಕು, ಆಮೇಲೆ ಅವಳ ಬಾಯಿಗೆ.

"ಬಾರೇ, ಬೇಗ ಬಾಗಿಲು ಹಾಕು" ಎಂದಳು. ಕೊಪ್ಪರಿಗೆಯಲ್ಲಿ ನೊರೆ ಉಕ್ಕುತ್ತಿತ್ತು, ಅವಳು ಒಂದು ತೊಟ್ಟು ಸೂರ್ಯಕಾಂತಿ ಎಣ್ಣೆ ಬಿಟ್ಟಳು, ನೊರೆ ಇಳಿಯಿತು. ಎಲ್ವಿನ್ ಇದ್ದಾಗ ತೊಲೆಯಿಂದ ದಾರ ಕಟ್ಟಿ ಉಪ್ಪು ಹಾಕಿದ ಹಂದಿ ಕೊಬ್ಬಿನ ತುಂಡು ನೇತುಹಾಕುತ್ತಿದ್ದರು. ಹಳಬರೆಲ್ಲ ಹಾಗೇ. ಉಕ್ಕಿದ ನೊರೆ ಕೊಬ್ಬಿಗೆ ತಾಗಿ ತೆಪ್ಪಗೆ ಕೂರುತ್ತದೆ. ಡಾಕ್ಟರು ಎಲ್ವಿನ್‌ಗೆ ಹಂದಿ ಮಾಂಸ ಬಿಡಿಸಿದ ವರ್ಷ ವರ್ನಾ ಇದನ್ನೂ ಬಿಟ್ಟಳು.

ಪುಟ್ಟ ಲೋಟದಲ್ಲಿ ಬಿಸಿ ಪಾಕ ಕೊಟ್ಟಳು. "ಹೇಗಿದೆಯೇ? ಬೇಗ ಹೇಳು, ಜೀವ ಬಾಯಿಗೆ ಬಂದಿದೆ."

ಸಿಹಿ ಗೊತ್ತಾಯಿತು. ಆಮೇಲೆ ಏನೂ ಇಲ್ಲ. ಸಕ್ಕರೆ ನೀರು ಕುಡಿದಿದ್ದರೂ ಅಷ್ಟೇ.

"ಪರವಾಗಿಲ್ಲ. ಹೋದ ವರ್ಷದಷ್ಟಿಲ್ಲ" ಎಂದೆ.

ಚೆನ್ನಾಗಿದೆ ಎಂದಿದ್ದರೆ ಅನುಮಾನ ಬರುತ್ತಿತ್ತು. ನಾನು ಯಾವ ಜನ್ಮದಲ್ಲಿ ಯಾವುದನ್ನು ಚೆನ್ನಾಗಿದೆ ಎಂದಿದ್ದೇನೆ? ವರ್ನಾ "ಹೌದಾ" ಎಂದಳು. ಲೋಟ ತೊಳೆದಳು. ತಾನು ಕುಡಿಯಲೇ ಇಲ್ಲ.

ಮಾರ್ಚ್ 9, ಶನಿವಾರ

ಪೈಕ್ಸ್‌ಬರಿ ಉತ್ಸವ. ನಾಯಿಯನ್ನು ಮನೆಯಲ್ಲಿ ಬಿಟ್ಟರೆ ಸೋಫಾ ಉಳಿಯುವುದಿಲ್ಲ, ಕರೆದುಕೊಂಡೇ ಹೋದೆ. ಅಲ್ಲಿ ನೋಡಿದರೆ ಮನುಷ್ಯರಿಗಿಂತ ನಾಯಿಗಳೇ ಜಾಸ್ತಿ. ಬಾಗಿಲಲ್ಲೇ ಫಲಕ: "ನಾಯಿಗಳಿಗೆ ಸ್ವಾಗತ. ಹಗ್ಗ ಕಡ್ಡಾಯ." ನಾಯಿಗಳಿಗೆ ಬೇರೆ ಪ್ಯಾನ್‌ಕೇಕ್, ಬೇರೆ ಸಾಲು. ಮೇಪಲ್ ಎಲೆಯ ಟೋಪಿ ಹಾಕಿದ ಪೂಡಲ್ ಒಂದು ಕೂಸಿನ ಗಾಡಿಯಲ್ಲಿ ಕೂತಿತ್ತು, ಕೂಸು ಪಕ್ಕದಲ್ಲಿ ನಡೆದುಕೊಂಡು ಬರುತ್ತಿತ್ತು.

ತೀರ್ಪಿನ ಮೇಜಿನ ಮೇಲೆ ಹತ್ತೊಂಬತ್ತು ಬಾಟಲಿ. ಹೆಸರಿಲ್ಲ, ನಂಬರು ಮಾತ್ರ. ಉಳಿದಿಬ್ಬರು ತೀರ್ಪುಗಾರರು ನನ್ನ ಮುಖ ನೋಡಿ ಚೀಟಿ ತುಂಬುವವರು, ಅವರ ಮಾತು ಬಿಡಿ. ಒಂದನೇ ನಂಬರು ಬಾಯಿಗೆ ಹಾಕಿದೆ: ಸಿಹಿ. ಎರಡು: ಸಿಹಿ. ಐದೂ ಸಿಹಿ. ಬಾಯಿ ತೊಳೆಯಲು ಇಟ್ಟಿದ್ದ ಹುಳಿ ಸೌತೆಕಾಯಿ ಕಚ್ಚಿದೆ, ಹುಳಿ ಬಿಟ್ಟರೆ ಅದೂ ಶೂನ್ಯ. ಇವತ್ತಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಏಳನೇ ನಂಬರಿನ ಚಮಚ ಕೈಜಾರಿ ಕೆಳಗೆ ಬಿತ್ತು. ಮೇಜಿನ ಬಟ್ಟೆ ಎತ್ತಿ ನೋಡಿದರೆ ಕರ್ನಲ್ ನೆಕ್ಕುತ್ತಿದ್ದಾನೆ. ಎಡಗಿವಿ ಮಗುಚಿ, ಮುಂಗಾಲು ಒಂದನ್ನು ಎತ್ತಿ, ಜೊಲ್ಲು ಸುರಿಸುತ್ತಾ "ಊಂ" ಎಂದು ಸಣ್ಣಗೆ ರಾಗ ಎಳೆದ. ಪಿಂಚಣಿ ಬಂದೇಬಿಟ್ಟಿತು ಎನ್ನುವ ಮುಖ. ಯಾಕೋ ಎಂಟನೇ ನಂಬರಿನದನ್ನೂ ಒಂದು ಚಮಚದಲ್ಲಿ ಕೆಳಗೆ ಹಿಡಿದೆ. ಮೂತಿ ತಿರುಗಿಸಿದ. ಒಂಬತ್ತು, ತಿರುಗಿಸಿದ. ಹನ್ನೆರಡು: ಕಿವಿ, ಕಾಲು, ಜೊಲ್ಲು, "ಊಂ".

ಚಮಚಗಳನ್ನು ಬೇರೆ ಬೇರೆ ಇಟ್ಟಿದ್ದೆ. ಶುಚಿತ್ವದ ವಿಷಯದಲ್ಲಿ ನನ್ನನ್ನು ಯಾರೂ ಆಡಿಕೊಳ್ಳುವ ಹಾಗಿಲ್ಲ.

ಏಳಕ್ಕೆ ಮೊದಲ ಬಹುಮಾನದ ನೀಲಿ ರಿಬ್ಬನ್ ಕೊಟ್ಟೆ. ಅದು ಅಮೋಸ್ ಗ್ಯಾಡ್ವೇಯದಂತೆ. ಎಂಬತ್ತೊಂದು ವರ್ಷ, ಹುಟ್ಟಿದಾಗಿನಿಂದ ಒಂದು ರಿಬ್ಬನ್ ಕಂಡವನಲ್ಲ. ವೇದಿಕೆಯ ಮೇಲೆ ಗೊಳೋ ಎಂದು ಅತ್ತ. ಉತ್ಸವ ಸಮಿತಿಯ ಡ್ವೈಟ್ ಲಾರೋಕ್ ಮೂರನೇ ಕ್ಲಾಸಿನಲ್ಲಿ ನನ್ನ ಹತ್ತಿರ ಕಲಿತವನು, ತಲೆ ಬೋಳಾದರೂ ನನ್ನನ್ನು ಮಿಸ್ ಎಂದೇ ಕರೆಯುತ್ತಾನೆ. "ಮಿಸ್, ನಿಮ್ಮ ನಾಲಿಗೆಗೆ ವಿಮೆ ಮಾಡಿಸ್ಬೇಕು! ಅಮೋಸಜ್ಜನ ಪಾಕ ಇಷ್ಟು ವರ್ಷ ಯಾರ ಗಮನಕ್ಕೂ ಬಂದಿರ್ಲಿಲ್ಲ ನೋಡಿ" ಎಂದ.

ಎಂಟನೇ ನಂಬರು ವರ್ನಾಳದು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳಿಗೆ ಏನೂ ಬರಲಿಲ್ಲ.

ಮಾರ್ಚ್ 11, ಸೋಮವಾರ

ವರ್ನಾ ಬಂದಿದ್ದಳು. ಕೋಟೂ ಬಿಚ್ಚದೆ ನಿಂತಲ್ಲೇ ಕೇಳಿದಳು: "ಎಲ್ಲಿ ತಪ್ಪಾಯ್ತು ಹೇಳೇ. ನೀನಲ್ದೆ ಇನ್ಯಾರು ಹೇಳ್ತಾರೆ ನಂಗೆ?"

ಏನಾದರೂ ಹೇಳಬೇಕಲ್ಲ. "ಕೊನೆಯಲ್ಲಿ ಒಂಥರಾ ತಗಡಿನ ರುಚಿ" ಎಂದೆ.

"ತಗಡಾ? ಬಕೆಟ್ಟಿಂದ ಬಂತೇನೋ?"

"ಇರಬಹುದು."

"ಎಲ್ಲಾ ಉಜ್ಜಿಬಿಡ್ತೀನಿ ಹಾಗಾದ್ರೆ." ಸಮಾಧಾನವಾದಂತೆ ಹೊರಟುಹೋದಳು. ಕಾರಣ ಸಿಕ್ಕರೆ ಮನುಷ್ಯರಿಗೆ ಎಷ್ಟು ಹಗುರವಾಗುತ್ತದೆ. ನಾನೂ ಒಂದು ಉಪಕಾರ ಮಾಡಿದ ಹಾಗಾಯಿತು.

ಲವಂಗ ಇಲ್ಲ, ನಿಂಬೆ ಇಲ್ಲ, ಕಾಫಿ ಮರೆತೆ.

ಮಾರ್ಚ್ 15, ಶುಕ್ರವಾರ

ಡ್ವೈಟ್ ಫೋನು. ತೀರ್ಪಿನ ಮೇಜಿನ ಕೆಳಗೆ ನಾಯಿ ಇತ್ತೆಂದು ಯಾರೋ ದೂರು ಕೊಟ್ಟಿದ್ದಾರಂತೆ. "ಕಾಯಿಲೆ ಇರೋರ ಜೊತೆ ಬರೋ ಆಸರೆ ನಾಯಿ ಆದ್ರೆ ತೊಂದ್ರೆ ಇಲ್ಲ ಮಿಸ್. ಒಂದು ಅಂಗಿ ಹಾಕ್ಸಿ ಸಾಕು, ಯಾರೂ ಏನೂ ಕೇಳಲ್ಲ. ಕೇಳಿದ್ರೆ ಅವರದ್ದೇ ತಪ್ಪಾಗತ್ತೆ."

ಅಂಗಿ ತರಿಸಿದೆ. ಕೆಂಪು ಬಣ್ಣ, ಬೆನ್ನ ಮೇಲೆ "ಕರ್ತವ್ಯದಲ್ಲಿದ್ದೇನೆ" ಎಂದು ಬರೆದಿದೆ. ಹೊಟ್ಟೆಯ ಹತ್ತಿರ ಸ್ವಲ್ಪ ಬಿಗಿ. ನಾಯಿಗೆ ಬಟ್ಟೆ ತೊಡಿಸುವವರನ್ನು ಕಂಡರೆ ನನಗೆ ಮೈಯುರಿ, ಆದರೆ ಇದು ಬಟ್ಟೆಯಲ್ಲ, ಸಮವಸ್ತ್ರ.

ಮಾರ್ಚ್ 23, ಶನಿವಾರ

ಆಡ್ಲಿ ಫಾಲ್ಸ್ ಉತ್ಸವ. ಇಪ್ಪತ್ತಾರು ಬಾಟಲಿ, ನಲವತ್ತು ನಿಮಿಷದಲ್ಲಿ ಮುಗಿಸಿದೆವು. ಈಗ ನಮಗೆ ಒಂದು ಪದ್ಧತಿಯೇ ಬಂದಿದೆ. ನಾನು ಚಮಚ ಬಾಯಲ್ಲಿಟ್ಟು, ಒಂದು ಕ್ಷಣ ಕಣ್ಣು ಮುಚ್ಚಿ, ಆಮೇಲೆ ಮಾಡು ನೋಡುತ್ತೇನೆ. ಇನ್ನೊಂದು ಕೈಯ ಚಮಚ ಮೇಜಿನ ಕೆಳಗೆ. ಜನ ಉಸಿರು ಬಿಗಿಹಿಡಿದು ನನ್ನ ಮುಖ ನೋಡುತ್ತಾರೆ. ನಾನು ಬಟ್ಟೆಯ ಸಂದಿಯಿಂದ ಕರ್ನಲ್ಲನ ಮುಖ ನೋಡುತ್ತೇನೆ. ಅವನು ಯಾರ ಮುಖವನ್ನೂ ನೋಡುವುದಿಲ್ಲ, ಅದೇ ಅವನ ದೊಡ್ಡಗುಣ.

ಗೆದ್ದವರು ಮೂವರೂ ಗುಡ್ಡದ ಮೇಲಿನ ಮುದುಕರು. ಟ್ರಿಸ್ಟನ್ ಎನ್ನುವ ಹುಡುಗ ನೋಟ್‌ಬುಕ್ ಹಿಡಿದು ಒಬ್ಬೊಬ್ಬರನ್ನೂ ಅಡ್ಡಹಾಕಿ "ಹೇಗೆ ಕಾಸ್ತೀರಿ, ಏನು ಹಾಕ್ತೀರಿ" ಎಂದು ವಿಚಾರಿಸುತ್ತಿದ್ದ. ಆರು ವರ್ಷದ ಹಿಂದೆ ಬಾಸ್ಟನ್‌ನಿಂದ ಬಂದವನು. ಮಾಂಸ ಬಿಡಿ, ಹಾಲು ಜೇನೂ ಮುಟ್ಟುವುದಿಲ್ಲ. ಮರಗಳನ್ನು ಸಹೋದ್ಯೋಗಿಗಳು ಎನ್ನುತ್ತಾನೆ. ರಸಕ್ಕಾಗಿ ತೂತು ಕೊರೆಯುವ ಮೊದಲು ಅವುಗಳ ಅನುಮತಿ ಕೇಳುತ್ತಾನಂತೆ. ಈವರೆಗೆ ಒಂದು ಮರವೂ ಬೇಡ ಎಂದಿಲ್ಲವಂತೆ.

ವರ್ನಾಳಿಗೆ ಈ ಸಲವೂ ಇಲ್ಲ. ಹಿಮದ ಮೇಲೆ ಬಿಸಿ ಪಾಕ ಸುರಿದು ಕೊಡುವ ಕಡೆ ನಾವಿಬ್ಬರೂ ನಿಂತಿದ್ದೆವು. ಅವಳ ಬೆರಳ ಗೆಣ್ಣುಗಳೆಲ್ಲ ಸಿಪ್ಪೆ ಎದ್ದಿದ್ದವು. ಏನೇ ಇದು ಎಂದು ಕೇಳಿದೆ.

"ಸೋಡಾ ಪುಡಿ. ನಾನ್ನೂರು ಬಕೆಟ್ ಉಜ್ಜಿದ್ನಲ್ಲ. ತಗಡು ಇನ್ನೂ ಹೋಗಿಲ್ವಾ?"

ಹೋಗಿಲ್ಲ ಎಂದೆ. ಬೇರೆ ಏನು ಹೇಳಲಿ? ಮನೆಗೆ ಬಂದ ಮೇಲೂ ಆ ಗೆಣ್ಣುಗಳು ಕಣ್ಣ ಮುಂದೆ ಬರುತ್ತಿವೆ. ಅವಳಿಗೆ ಮುಲಾಮು ತೆಗೆದುಕೊಂಡು ಹೋಗಬೇಕು.

ಮಾರ್ಚ್ 26, ಮಂಗಳವಾರ

ರೂಫಸ್ ಫೋನು ಮಾಡಿದ್ದ. ಬಂದು ನಾಯಿಯನ್ನು ಕರೆದುಕೊಂಡು ಹೋಗುತ್ತಾನಂತೆ. ರಸ್ತೆಯೆಲ್ಲ ಕೆಸರು, ಕಾರು ಹೂತುಹೋಗುತ್ತದೆ, ಈಗ ಬರಬೇಡ ಎಂದೆ. ಕೆಸರು ಇರುವುದಂತೂ ನಿಜ.

ರಾತ್ರಿ ಹಾಸಿಗೆಯ ಕಾಲದೆಸೆ ಬೆಚ್ಚಗಿರುತ್ತದೆ. ಅದು ಬೇರೆ ವಿಷಯ.

ಮಾರ್ಚ್ 30, ಶನಿವಾರ

ಮಾರ್ಟನ್ ಉತ್ಸವ. ಅಮೋಸ್‌ಗೆ ಮತ್ತೆ ಮೊದಲು. ಟ್ರಿಸ್ಟನ್‌ಗೆ ಎರಡನೆಯದು! ಅವನ ಪಾಕಕ್ಕೆ ಕರ್ನಲ್ ಎರಡೂ ಮುಂಗಾಲು ಎತ್ತಿ ನಿಂತುಬಿಟ್ಟ. ಸಹೋದ್ಯೋಗಿಗಳು ಕಡೆಗೂ ಕೈಹಿಡಿದರು ಅಂತ ಕಾಣುತ್ತದೆ.

ಬರುವಾಗ ವರ್ನಾಳ ಗಾಡಿಯಲ್ಲೇ ಬಂದೆ. ಅರ್ಧ ದಾರಿಗೆ ಅವಳೇ ಬಾಯಿ ಬಿಟ್ಟಳು. "ಟ್ರಿಸ್ಟನ್ ನಮ್ಮ ಕೊಪ್ಪರಿಗೆ ಕೇಳ್ತಿದ್ದ. ಕೊಟ್ಬಿಡ್ತೀನಿ ಕಣೇ. ಬರೋ ಹದಿನೆಂಟಕ್ಕೆ ಬಂದು ತಗೊಂಡು ಹೋಗು ಅಂದೆ."

"ಹುಚ್ಚು ಹಿಡಿದಿದೆಯೇನೇ ನಿನಗೆ?"

"ಮೂರು ಸಲ ಆಯ್ತು. ನಂಗೂ ಅರವತ್ತಾರು. ಕೈ ಕೆಟ್ಟುಹೋಗಿದೆ, ಅಷ್ಟೆ. ನೀನು ನಂಗೆ ಬೇಕಾದೋಳು ಅಂತ ರಿಬ್ಬನ್ ಕೊಡೋಳಲ್ಲ, ಬೇಡ ಅಂತ ಕಿತ್ಕೊಳ್ಳೋಳೂ ಅಲ್ಲ. ನಿನ್ನ ನಾಲಿಗೆ ಕೆಟ್ಟದು ಅಂದ್ರೆ ಅದು ಕೆಟ್ಟದೇ."

ಗಾಡಿಯಲ್ಲಿ ಹೀಟರ್ ಜೋರಾಗಿತ್ತು. ಕಿಟಕಿ ಇಳಿಸಿದೆ.

ಏಪ್ರಿಲ್ 2, ಮಂಗಳವಾರ

ಬೀನ್ಸ್ ಬೇಯಿಸಲು ಉಪ್ಪು ಹಂದಿ ಕೊಬ್ಬು ತರಲು ಹೋದರೆ ಅಂಗಡಿಯಲ್ಲಿ ಖಾಲಿ. ಇಡೀ ಜಿಲ್ಲೆಯಲ್ಲೇ ಇಲ್ಲವಂತೆ. ಕೊನೆಯ ತುಂಡು ಟ್ರಿಸ್ಟನ್‌ನ ಬುಟ್ಟಿಯಲ್ಲಿತ್ತು. ಮುಂಚೆ ಜೇನುತುಪ್ಪ ಕಂಡರೂ ಮುಖ ಸಿಂಡರಿಸುತ್ತಿದ್ದವನು!

"ಇದು ನಾನು ತಿನ್ನೋಕಲ್ಲ ಮೇಡಂ, ಕೊಪ್ಪರಿಗೆ ಮೇಲೆ ನೇತುಹಾಕೋಕೆ" ಎಂದು ಪಿಸುಗುಟ್ಟಿದ. "ನಿಮ್ಮ ತೀರ್ಪುಗಳನ್ನೆಲ್ಲ ಅಧ್ಯಯನ ಮಾಡಿದೆ. ಗೆದ್ದೋರು ಅಷ್ಟೂ ಜನ ಕೊಬ್ಬು ನೇತುಹಾಕೋ ಹಳೇ ಕಾಲದೋರು. ನೀವು ನಮ್ಮನ್ನೆಲ್ಲ ಪೂರ್ವಿಕರ ದಾರಿಗೆ ಕರ್ಕೊಂಡು ಹೋಗ್ತಿದೀರಿ. ಮಾರ್ಟನ್‌ಗೆ ನಾನು ಹಾಕಿದ್ದು ಸಂತೋಷವಾಗಿ ಬದುಕಿದ ಹಂದಿದು. ಅದರ ಫೋಟೋ ಕೂಡ ಇದೆ."

ಅರ್ಧ ತುಂಡು ನನಗೆ ಕತ್ತರಿಸಿಕೊಟ್ಟ. ನನ್ನ ತೀರ್ಪಿನಲ್ಲಿ ಒಂದು ತತ್ವವಿದೆ ಎಂದು ಕಡೆಗೂ ಒಬ್ಬನಿಗಾದರೂ ಹೊಳೆಯಿತಲ್ಲ. ಬಾಸ್ಟನ್‌ನವನಾದರೇನು, ಬುದ್ಧಿವಂತ.

ಏಪ್ರಿಲ್ 6, ಶನಿವಾರ

ಬೀನ್ಸ್ ನೆನೆಸಿದ್ದೆ. ಮಣೆಯ ಮೇಲೆ ಕೊಬ್ಬು ಹೆಚ್ಚುತ್ತಿದ್ದೆ. ಒಲೆಯ ಪಕ್ಕ ಮಲಗಿದ್ದ ಕರ್ನಲ್ ಎದ್ದು ಬಂದ. ಎಡಗಿವಿ ಮಗುಚಿತು. ಒಂದು ಮುಂಗಾಲು ಮೇಲಕ್ಕೆ ಹೋಯಿತು. ಜೊಲ್ಲು. "ಊಂ".

ಚಾಕು ಕೆಳಗಿಟ್ಟೆ. ಮೂರು ಊರಲ್ಲಿ ಒಂಬತ್ತು ರಿಬ್ಬನ್ ಕೊಟ್ಟ ಮುಖ ಅದು.

ಉಗ್ರಾಣದಿಂದ ವರ್ನಾಳ ಬಾಟಲಿ ತಂದು ಒಂದು ಚಮಚ ಹಿಡಿದೆ. ಮೂತಿ ತಿರುಗಿಸಿದ. ಅದೇ ಚಮಚದ ಅಂಚಿಗೆ ಕೊಬ್ಬು ಸವರಿ ಹಿಡಿದೆ. ನೀಲಿ ರಿಬ್ಬನ್. ಬರೀ ಸಕ್ಕರೆ ನೀರಿಗೆ ಸವರಿದೆ. ನೀಲಿ ರಿಬ್ಬನ್. ಪಾತ್ರೆ ತೊಳೆಯುವ ಸೋಪಿನ ನೀರಿಗೆ ಸವರಿದೆ. ಅದಕ್ಕೂ ನೀಲಿ ರಿಬ್ಬನ್ ಕೊಟ್ಟ, ಪಾಪಿ!

ಬೀನ್ಸ್ ಬೇಯಿಸಲಿಲ್ಲ.

ಏಪ್ರಿಲ್ 7, ಭಾನುವಾರ

ಏನೂ ಬರೆಯುವಂಥದ್ದಿಲ್ಲ.

ಏಪ್ರಿಲ್ 10, ಬುಧವಾರ

ಶನಿವಾರ ಜಿಲ್ಲಾ ಅಂತಿಮ ಸ್ಪರ್ಧೆ. ಕೂತು ಯೋಚಿಸಿದೆ. ಯಾರಿಗೂ ಗೊತ್ತಿಲ್ಲ. ಗೆದ್ದವರು ಖುಷಿಯಾಗಿದ್ದಾರೆ. ಅಮೋಸ್ ರಿಬ್ಬನ್ನನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾನಂತೆ. ಹಂದಿ ಸಾಕುವವರೂ ಖುಷಿಯಾಗಿದ್ದಾರೆ. ಮೈಗೆ ಹುಷಾರಿಲ್ಲ ಎಂದು ರಾಜೀನಾಮೆ ಕೊಟ್ಟರೆ ಮರ್ಯಾದೆಯೂ ಉಳಿಯುತ್ತದೆ. ಡ್ವೈಟ್ ಒಂದು ಹೂಗುಚ್ಛ ಕೊಡುತ್ತಾನೆ. ಎಲ್ಲ ಸರಿಹೋಗುತ್ತದೆ, ವರ್ನಾಳ ಕೊಪ್ಪರಿಗೆ ಒಂದು ಬಿಟ್ಟು.

ಕಿಟಕಿಯಿಂದ ನೋಡಿದೆ. ಅವಳ ಮಾಡಿನ ಮೇಲೆ ಹಬೆ ಇಲ್ಲ. ರಸ ಇನ್ನೂ ಇಳಿಯುತ್ತಿದೆ. ಬಕೆಟ್ಟುಗಳು ತುಂಬಿ ನೆಲಕ್ಕೆ ಚೆಲ್ಲುತ್ತಿವೆ. ಮೂವತ್ತೊಂದು ವರ್ಷದಲ್ಲಿ ಅವಳು ಒಂದು ತೊಟ್ಟು ಚೆಲ್ಲಿದವಳಲ್ಲ. ಮೂರು ಸಲ ಕೋಟು ಹಾಕಿಕೊಂಡೆ, ಮೂರು ಸಲ ಬಿಚ್ಚಿದೆ. ಕರ್ನಲ್ ಮೂರು ಸಲವೂ ಬಾಗಿಲವರೆಗೆ ಬಂದು ವಾಪಸ್ ಹೋದ.

ಏಪ್ರಿಲ್ 13, ಶನಿವಾರ

ಹೇಳಿಬಿಟ್ಟೆ.

ಮೂವತ್ತೊಂದು ಬಾಟಲಿ, ಸಭಾಂಗಣದ ತುಂಬ ಜನ, ಅರ್ಧದಷ್ಟು ನಾಯಿಗಳು. ಡ್ವೈಟ್ ನನ್ನನ್ನು ಹೊಗಳಿ ಮುಗಿಸುವ ಮುಂಚೆಯೇ ಮೈಕು ಕಿತ್ತುಕೊಂಡೆ. "ಜನವರಿಯಿಂದ ನನಗೆ ವಾಸನೆ ಗೊತ್ತಾಗ್ತಿಲ್ಲ. ಈ ವರ್ಷದ ತೀರ್ಪೆಲ್ಲ ಈ ನಾಯಿದು. ನಾಯಿ ಆರಿಸಿದ್ದು ಪಾಕಾನ ಅಲ್ಲ, ಅದಕ್ಕೆ ಹತ್ತಿದ ಹಂದಿ ಕೊಬ್ಬಿನ ವಾಸನೇನ. ನಾನು ನಿಮಗೆಲ್ಲ ಮೋಸ ಮಾಡಿದೆ" ಎಂದೆ. ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ, ಯಾರಾದರೂ ಪ್ಯಾನ್‌ಕೇಕ್ ಎಸೆದರೂ ಸರಿ ಎಂದುಕೊಂಡಿದ್ದೆ.

ಆಮೇಲೆ ಅಮೋಸ್ ಕೋಲೂರಿ ಎದ್ದು ನಿಂತ. "ಇಪ್ಪತ್ತೆರಡು ವರ್ಷ ಕಾಲುಚೀಲ, ಬೂದಿ, ಬೂಸ್ಟು ಅಂತ ಬರ್ದೆಯಲ್ಲ ತಾಯಿ. ನಾಯಿಗೆ ನನ್ನ ಮೇಲೇನೂ ಸಿಟ್ಟಿರ್ಲಿಲ್ಲ. ನಿನಗಿಂತ ಅದೇ ವಾಸಿ!"

ಸಭೆ ಬಿದ್ದುಬಿದ್ದು ನಕ್ಕಿತು. ಸೋತವರಿಗಂತೂ ಹಬ್ಬ, "ಈಯಮ್ಮಂಗೆ ರುಚಿ ಗೊತ್ತಾಗಲ್ಲ ಅಂತ ನಾವು ಮೊದ್ಲೇ ಹೇಳಿರ್ಲಿಲ್ವಾ?" ಎಂದು ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಟ್ರಿಸ್ಟನ್ ಕಣ್ಣೊರೆಸಿಕೊಂಡು, ಮನುಷ್ಯನ ಅಹಂಕಾರವನ್ನು ಮೀರಿದ ರುಚಿ ಇದು ಎಂದ. ಡ್ವೈಟ್ ಕರ್ನಲ್ಲನನ್ನು ಎತ್ತಿ ನನ್ನ ಕುರ್ಚಿಯಲ್ಲಿ ಕೂರಿಸಿ, ನನ್ನ ತೀರ್ಪುಗಾರ್ತಿಯ ಪಟ್ಟಿಯನ್ನು ಅವನ ಕೊರಳಿಗೆ ಹಾಕಿಯೇಬಿಟ್ಟ. "ಮುಂದಿನ ವರ್ಷದ ಪೋಸ್ಟರ್ ಸಿಕ್ತು ಮಿಸ್!" ಫೋಟೋ ತೆಗೆಸಿಕೊಳ್ಳಲು ಜನ ಬಾಗಿಲಾಚೆವರೆಗೆ ಸಾಲು ನಿಂತರು.

ನನ್ನನ್ನು ಬೈದವರು ಒಬ್ಬರೂ ಇಲ್ಲ. ಇಷ್ಟು ವರ್ಷ ಎಲ್ಲರೂ ನನಗೆ ಹೆದರುತ್ತಾರೆ ಎಂದುಕೊಂಡಿದ್ದೆ. ನನ್ನ ಜಾಗಕ್ಕೆ ನಾಯಿ ಬಂದರೂ ಇವರಿಗೆ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಯಾರ ಮುಂದೆ ಹೇಳಬೇಕಿತ್ತೋ ಅವಳು ಬಂದೇ ಇರಲಿಲ್ಲ.

ಏಪ್ರಿಲ್ 14, ಭಾನುವಾರ

ಕೆಸರಲ್ಲಿ ಬೂಟು ಹೂತುಕೊಳ್ಳುತ್ತಾ ರಸ್ತೆ ದಾಟಿದೆ. ವರ್ನಾ ಆಲೆಮನೆಯಲ್ಲಿ ಕೊಪ್ಪರಿಗೆಯ ತಿರುಪು ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಊರೆಲ್ಲ ನಗ್ತಿದೆಯಂತೆ. ನಂಗೆ ನಗು ಬರ್ಲಿಲ್ಲ."

"ತಪ್ಪಾಯ್ತು ವರ್ನಾ. ಆ ನಾಯಿ..."

"ನಾಯಿ ಮೇಲೆ ಹಾಕ್ಬೇಡ. ಮೊದಲ್ನೇ ದಿನ ಇಲ್ಲೇ ನಿಂತು ಕುಡಿದು, ಹೋದ ವರ್ಷದಷ್ಟಿಲ್ಲ ಅಂದ್ಯಲ್ಲ, ಅವತ್ತು ಕೆಳಗೆ ನಾಯಿ ಇರ್ಲಿಲ್ಲ. ತಗಡು ಅಂದ್ಯಲ್ಲ, ಅವತ್ತೂ ಇರ್ಲಿಲ್ಲ."

ನಾಚಿಕೆಯಿಂದ ಸತ್ತುಹೋಗಬೇಕು ಅನಿಸಿತು.

"ಆಮೇಲೆ ಒಂದಿನ ನಾನೂ ಕುಡಿದು ನೋಡಿದ್ದೆ ಕಣೇ" ಎಂದಳು. "ನನ್ನ ಬಾಯಿಗೆ ಚೆನ್ನಾಗೇ ಇತ್ತು. ಚೆನ್ನಾಗೇ ಇದೆಯಲ್ಲ ಅಂದ್ಕೊಂಡೆ. ಆದ್ರೂ ಹೋಗಿ ಬಕೆಟ್ ಉಜ್ಜಿದೆ. ಮೂವತ್ತೊಂದು ವರ್ಷ ಪಾಕ ಕಾಸಿ, ನನ್ನ ಬಾಯಿ ನಾನೇ ನಂಬ್ಲಿಲ್ಲ. ನಿನ್ನ ಬೈದು ಏನ್ ಮಾಡ್ಲಿ?"

"ಕೊಪ್ಪರಿಗೆ ಕೊಡಬೇಡ ಕಣೇ."

"ಟ್ರಿಸ್ಟನ್ ಗುರುವಾರ ಬರ್ತಾನೆ. ಚೆನ್ನಾಗಿದೆಯೋ ಇಲ್ವೋ ಅಂತ ಗೊತ್ತಾಗ್ದೆ ಇರೋಳಿಗೆ ಕೊಪ್ಪರಿಗೆ ಯಾಕೆ? ಹೋಗು, ಬಾಗಿಲು ಹಾಕ್ಕೊಂಡು ಹೋಗು."

ಏಪ್ರಿಲ್ 18, ಗುರುವಾರ

ಬೆಳಗ್ಗೆಯೇ ನಾಲ್ಕು ಬಾಟಲಿ ಬುಟ್ಟಿಗೆ ಹಾಕಿಕೊಂಡು ಹೋದೆ. ಅಮೋಸ್‌ನದು, ಟ್ರಿಸ್ಟನ್‌ನದು, ಆಡ್ಲಿ ಫಾಲ್ಸ್‌ನಲ್ಲಿ ಗೆದ್ದವನದು, ವರ್ನಾಳದು. ಕರ್ನಲ್ಲನನ್ನು ಹೊರಗೆ ಬೇಲಿಗೆ ಕಟ್ಟಿದೆ. ಈ ವಿಷಯದಲ್ಲಿ ಅವನು ಮೂಗು ತೂರಿಸುವುದು ಬೇಡ.

"ಮತ್ತೇನು ಬಂತೇ?" ಎಂದಳು ವರ್ನಾ.

"ಗೆದ್ದ ಮೂರು ಪಾಕ, ನಿನ್ನದೊಂದು. ಆ ಕಡೆ ತಿರುಗಿ ನಿಂತ್ಕೋ" ಎಂದೆ. ಅದೇನನ್ನಿಸಿತೋ, ತಿರುಗಿ ನಿಂತಳು. ನಾಲ್ಕು ಲೋಟಕ್ಕೆ ಸುರಿದು, ತಳಕ್ಕೆ ಹೆಸರಿನ ಚೀಟಿ ಅಂಟಿಸಿ, ಅದಲುಬದಲು ಮಾಡಿ ಇಟ್ಟೆ. ಯಾವುದು ಯಾವುದೆಂದು ನನಗೂ ಮರೆತುಹೋಯಿತು.

ಮೊದಲ ಲೋಟ ಎತ್ತಿಕೊಂಡು ನನ್ನ ಮುಖ ನೋಡಿದಳು, ಅಭ್ಯಾಸ. "ನಿಂಗೇನನ್ನಿಸ್ತು?"

"ಸಿಹಿ. ನಾಲ್ಕೂ ಸಿಹಿ. ಅದಕ್ಕಿಂತ ಹೆಚ್ಚು ಒಂದು ಮಾತು ಹೇಳಿದ್ರೂ ಸುಳ್ಳಾಗತ್ತೆ."

ಅವಳು ಕುಡಿದಳು. ಮುಖ ಕಿವುಚಿತು. "ಥೂ! ಬೇಕನ್ ಹುರಿದ ಬಾಣಲೆ ತೊಳೆದ ನೀರು. ಇದು ಟ್ರಿಸ್ಟನ್‌ದು." ಆ ಮಾತು ನಾನು ಹೇಳಬೇಕಿತ್ತು, ಹೊಟ್ಟೆಕಿಚ್ಚಾಯಿತು. ಎರಡನೆಯದಕ್ಕೆ "ಬೆಂಕಿ ಜಾಸ್ತಿಯಾಗಿದೆ, ತಳ ಹಿಡಿದಿದೆ" ಎಂದಳು. ಮೂರನೆಯದನ್ನು ಕುಡಿದು ಕಣ್ಣು ಮುಚ್ಚಿದಳು. ಎಷ್ಟು ಹೊತ್ತು ಮುಚ್ಚಿದ್ದಳೆಂದರೆ ನನಗೆ ಹೆದರಿಕೆಯಾಯಿತು.

"ಇದು ನಂದಲ್ಲ" ಎಂದಳು. "ನಂದಕ್ಕಿಂತ ಚೆನ್ನಾಗಿದೆ. ಎಷ್ಟು ನಿಧಾನ ಕಾಸಿದಾರೆ ನೋಡು, ನಂಗೆ ಅಷ್ಟು ತಾಳ್ಮೆ ಎಲ್ಲಿದೆ? ಕೊಬ್ಬಿನ ಸುಳಿವೇ ಇಲ್ಲ, ನಿನ್ನ ನಾಯಿಗೆ ಅದು ಹೇಗೆ ಸಿಕ್ತೋ." ನಾಲ್ಕನೆಯದನ್ನು ಒಂದೇ ಗುಟುಕಿಗೆ ಮುಗಿಸಿದಳು. ಮುಗಿಸಿ ಲೋಟವನ್ನು ಎದೆಗೆ ಒತ್ತಿ ಹಿಡಿದಳು. "ಇದು ನಂದು. ಕೆಟ್ಟಿಲ್ಲ ಕಣೇ ಕೋರಾ. ಏನೂ ಕೆಟ್ಟಿಲ್ಲ. ತಗಡೂ ಇಲ್ಲ, ಏನೂ ಇಲ್ಲ. ಎರಡನೇದು!"

ಲೋಟ ಮಗುಚಿ ಚೀಟಿ ನೋಡಿದೆ. ಅವಳು ಗುರುತಿಸಿದ್ದು ಎರಡೂ ಸರಿ. ಮೂರನೆಯದು ಅಮೋಸ್‌ನದು. ಎರಡನೇ ಸ್ಥಾನ ಬಂದದ್ದಕ್ಕೆ ಯಾರಾದರೂ ಹಾಗೆ ಅತ್ತದ್ದನ್ನು ನಾನು ಕಂಡಿಲ್ಲ. ನಾನೂ ಅತ್ತೆ, ಬರೆಯಲು ಏನು ನಾಚಿಕೆ.

ಅಷ್ಟರಲ್ಲಿ ಹೊರಗೆ ಗಾಡಿಯ ಸದ್ದು. ಟ್ರಿಸ್ಟನ್ ಕೈಗೆ ಗವಸು ಹಾಕಿಕೊಂಡು, ಹಗ್ಗ ಹಿಡಿದು ಒಳಗೆ ಬಂದ. ವರ್ನಾ ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡು ಕೊಪ್ಪರಿಗೆಗೆ ಅಡ್ಡ ನಿಂತಳು.

"ಕೊಡಲ್ಲಪ್ಪ."

"ಆಂಟಿ, ಮಾತು ಕೊಟ್ಟಿದ್ರಿ!"

"ಕೊಟ್ಟಿದ್ದೆ. ಅದು ನನ್ನ ಮಾತಾಗಿರ್ಲಿಲ್ಲ, ಇವಳದು." ನನ್ನ ಕಡೆ ಬೆರಳು ತೋರಿಸಿದಳು. "ನನ್ನ ಮಾತು ಈಗ ಹೇಳ್ತೀನಿ, ಕೇಳ್ಕೋ. ಮೊದಲು ಆ ಹಂದಿ ಕೊಬ್ಬು ಕೆಳಗಿಳ್ಸು. ಆಮೇಲೆ ಬೆಂಕಿ ಕಮ್ಮಿ ಮಾಡು. ಏನೇ ಕೋರಾ, ನೋಡ್ತಾ ನಿಂತಿದೀಯ, ನೋಟ್‌ಬುಕ್ ಇಲ್ವಾ ನಿನ್ನ ಹತ್ರ? ಬರ್ಕೋ. ಒಂದು, ಅಮೋಸ್. ಎರಡು, ವರ್ನಾ. ಕಾರಣ ಸಮೇತ ಬರ್ಕೋ."

ಕೋಟಿನ ಜೇಬಿನಲ್ಲಿ ಈ ಪುಸ್ತಕವೇ ಇತ್ತು. ತೆಗೆದೆ. ಅವಳು ಹೇಳುತ್ತಲೇ ಹೋದಳು, ನಾನು ಬಾಯಿ ಮುಚ್ಚಿಕೊಂಡು ಬರೆದೆ.